ಎಮ್ಮೆ ಕೂಗಲಿಲ್ಲವೆಂದು ಬೆದೆ ಬಂದಿಲ್ಲ ಎನ್ನಬೇಡಿ

ಹಸು ಬೆದೆಗೆ ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಕೂಗುತ್ತದೆ, ಹಗ್ಗ ಜಗ್ಗುತ್ತದೆ, ಪಕ್ಕದ ದನದ ಮೇಲೆ ಹಾರುತ್ತದೆ. ಎಮ್ಮೆಗೆ ಈ ಗದ್ದಲವಿಲ್ಲ. ಒಂದರ ಮೇಲೊಂದು ಹಾರುವುದು ಎಮ್ಮೆಗಳಲ್ಲಿ ಕಡಿಮೆ. ಲಕ್ಷಣ ಕಾಣಿಸಿದರೂ ಹೆಚ್ಚಾಗಿ ರಾತ್ರಿ ಇಲ್ಲವೇ ನಸುಕಿನಲ್ಲಿ. ‘ನಮ್ಮ ಎಮ್ಮೆ ಬೆದೆಗೇ ಬರ್ತಿಲ್ಲ ಸಾರ್’ ಎನ್ನುವವರ ಕೊಟ್ಟಿಗೆಯಲ್ಲಿ ಎಷ್ಟೋ ಸಲ ಬೆದೆ ಬಂದು ಹೋಗಿರುತ್ತದೆ, ನೋಡಿದವರಿರುವುದಿಲ್ಲ. ಒಮ್ಮೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಮೇವು, ಹಿಂಡಿಯ ಖರ್ಚು ಮಾತ್ರ ನಿಲ್ಲುವುದಿಲ್ಲ.

ಬೆಳಿಗ್ಗೆ ಹಾಲು ಕರೆಯುವ ಮೊದಲು, ಎಮ್ಮೆ ಇನ್ನೂ ಮಲಗಿ ಮೆಲುಕು ಹಾಕುತ್ತಿರುವಾಗಲೇ ಬ್ಯಾಟರಿ ಹಿಡಿದು ಹಿಂಬದಿ ನೋಡಿ. ಹಸುವಿನಂತೆ ಎಮ್ಮೆಯ ಲೋಳೆ ಉದ್ದಕ್ಕೆ ಜೋಲುವುದು ಕಡಿಮೆ. ಒಳಗೇ ನಿಂತಿದ್ದು ಮಲಗಿದಾಗ ನೆಲಕ್ಕೆ ಸೋರುತ್ತದೆ. ಎದ್ದ ಮೇಲೆ ಸಗಣಿ ಬಾಚಿ ನೀರು ಹೊಯ್ದರೆ ಸಾಕ್ಷಿಯೂ ತೊಳೆದುಹೋಯಿತು. ಲೋಳೆ ತಿಳಿಯಾಗಿ, ಎಳೆದರೆ ದಾರದಂತೆ ಬರಬೇಕು. ಬಾಲದ ಕೂದಲಿಗೆ ಅಂಟಿ ಒಣಗಿದ್ದರೂ ಗುರುತು ಸಿಗುತ್ತದೆ. ಕೀವಿನಂತೆ ಬೆಳ್ಳಗಿದ್ದರೆ ಗರ್ಭಕೋಶದಲ್ಲಿ ಸೋಂಕಿರಬಹುದು. ಆಗ ಗರ್ಭಧಾರಣೆ ಬೇಡ, ಮೊದಲು ಚಿಕಿತ್ಸೆ. ಇದರ ಜೊತೆಗೆ ಯೋನಿಯ ತುಟಿ ಊದಿ ಸುಕ್ಕು ಮಾಯವಾಗುವುದು, ಗಳಿಗೆಗೊಮ್ಮೆ ಗಂಜಲ ಹಾಕುವುದು, ದಿನವೂ ಸಲೀಸಾಗಿ ಕರೆಯುವ ಎಮ್ಮೆ ಹಾಲು ಇಳಿಸದೆ ಸತಾಯಿಸುವುದು ಕಂಡರೆ ಅನುಮಾನವೇ ಬೇಡ.

ಆದರೆ ಕಂಡ ಕೂಡಲೇ ಓಡಬೇಕಾಗಿಲ್ಲ. ಬೆದೆ ಇಳಿದು ಸುಮಾರು 10ರಿಂದ 14 ಗಂಟೆಗಳ ನಂತರ ಅಂಡ ಬಿಡುಗಡೆಯಾಗುತ್ತದೆ. ಅದರ ಆಯಸ್ಸು ಕೆಲವೇ ಗಂಟೆ. ವೀರ್ಯಾಣುಗಳಿಗೂ ಒಳಗೆ ಹೋಗಿ ಸಜ್ಜಾಗಲು ಸಮಯ ಬೇಕು. ಅದಕ್ಕೇ ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಮರುದಿನವೂ ಬೆದೆ ಇಳಿದಿರದಿದ್ದರೆ ಇನ್ನೊಮ್ಮೆ ಮಾಡಿಸುವುದು ಒಳ್ಳೆಯದು.

ಹೀಗೆ ಸದ್ದಿಲ್ಲದೆ ಬಂದು ಹೋಗುವ ಮೂಕ ಬೆದೆಯ ಕಾಟ ಬೇಸಿಗೆಯಲ್ಲಿ ಹೆಚ್ಚು. ಕಪ್ಪು ಚರ್ಮ, ಬೆವರುಗ್ರಂಥಿಗಳೂ ಕಡಿಮೆ. ಎಮ್ಮೆ ಸೆಕೆ ತಾಳುವುದಿಲ್ಲ. ನೆರಳು ಮಾಡಿ, ಮಧ್ಯಾಹ್ನ ಮೈಗೆ ನೀರು ಹೊಯ್ಯಿರಿ, ಹತ್ತಿರ ಕೆರೆಯಿದ್ದರೆ ಬಿಡಿ. ಹಸಿಮೇವು, ಖನಿಜ ಮಿಶ್ರಣ ತಪ್ಪಿಸಬೇಡಿ. ಇಷ್ಟನ್ನು ಬಿಟ್ಟು ನೇರ ಹಾರ್ಮೋನ್ ಚುಚ್ಚುಮದ್ದಿಗೆ ಹೋಗುವುದು ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ.

ಬೆದೆ ಕಂಡ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. 18ನೇ ದಿನದಿಂದ ಮತ್ತೆ ಕಣ್ಣಿಡಿ. ತಿರುಗಿ ಬೆದೆ ಕಾಣಲಿಲ್ಲವೆಂದು ಎಮ್ಮೆ ಗಬ್ಬವಾಗಿದೆ ಎಂದು ನಂಬಿ ಕೂರುವಂತಿಲ್ಲ, ಅದೂ ಮೂಕ ಬೆದೆಯೇ ಆಗಿರಬಹುದು. ಎರಡೂವರೆ, ಮೂರು ತಿಂಗಳಿಗೆ ಪಶುವೈದ್ಯರಿಂದ ಗಬ್ಬ ಪರೀಕ್ಷೆ ಮಾಡಿಸಿ.