ಉಳಿದ ಅನ್ನದ ಬಗ್ಗೆ ಒಂದು ಕಿವಿಮಾತು

ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ನಮ್ಮಲ್ಲಿ ಮನೆಮನೆಯ ರೂಢಿ. ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಆ ಅನ್ನ ರಾತ್ರಿಯೆಲ್ಲ ಎಲ್ಲಿತ್ತು ಅನ್ನುವುದು ಮುಖ್ಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುವುದುಂಟು. ಅನ್ನ ಕುದಿದು ಬೆಂದರೂ ಅವು ಉಳಿದುಬಿಡಬಲ್ಲವು. ಪಾತ್ರೆ ಅಡುಗೆಕಟ್ಟೆಯ ಮೇಲೆ ಬೆಚ್ಚಗೆ ಕೂತಿದ್ದರೆ ಮೊಳೆತು, ಹೆಚ್ಚಿ, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಒಗ್ಗರಣೆಯ ಬಿಸಿಗೆ ಜಗ್ಗುವುದಿಲ್ಲ. ತಿಂದ 1ರಿಂದ 6 ಗಂಟೆಯೊಳಗೆ ಹೊಟ್ಟೆ ತೊಳಸತೊಡಗುತ್ತದೆ. ಮೂಸಿ ನೋಡಿದರೆ ಗೊತ್ತಾಗುತ್ತದೆ ಎಂದು ದಯವಿಟ್ಟು ನಂಬಬೇಡಿ. ಊಟವಾದ ಮೇಲೆ ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ, ಬೇಗ ಆರಿಸಿ, ಫ್ರಿಜ್‌ನಲ್ಲಿಡಿ. ಮಕ್ಕಳ ಡಬ್ಬಿಗೆ ಹಾಕುವುದಾದರೆ ಇನ್ನೂ ಎಚ್ಚರ.

ಹಾಗೆಂದು ಕಣ್ಣಿಗೆ ಕಾಣದ ಜೀವಿಗಳಿಗೆಲ್ಲ ಹೆದರಬೇಕಿಲ್ಲ. ಅದೇ ಕಟ್ಟೆಯ ಮೇಲೆ ಇಡ್ಲಿ ಹಿಟ್ಟು ಉಬ್ಬುತ್ತದಲ್ಲ, ಅದು ಉದ್ದಿನಬೇಳೆಯ ಜೊತೆ ಬಂದ ಲ್ಯುಕೊನಾಸ್ಟಾಕ್ ಬ್ಯಾಕ್ಟೀರಿಯಾದ ಕೆಲಸ. ಅನಿಲ ಬಿಟ್ಟು ಹಿಟ್ಟನ್ನು ಎತ್ತುತ್ತದೆ, ಹುಳಿಯನ್ನೂ ಕೊಡುತ್ತದೆ. ಆ ಹುಳಿಯಲ್ಲಿ ಕೆಡುಕು ಮಾಡುವ ಎಷ್ಟೋ ಬ್ಯಾಕ್ಟೀರಿಯಾ ಬೆಳೆಯಲಾರವು. ಮೊಸರಿನದೂ ಹಾಗೆಯೇ. ಹೆಪ್ಪು ಹಾಕುವಾಗ ಮಾತ್ರ ಹಾಲು ಉಗುರುಬೆಚ್ಚಗಿರಲಿ. ಸುಡುವ ಹಾಲಿಗೆ ಹಾಕಿದರೆ ಮೊಸರು ಮಾಡುವ ಜೀವಿಗಳೇ ಸತ್ತುಹೋಗುತ್ತವೆ.