ಪಾಠ 9: ಕಂಪ್ಯೂಟರಿನ ಕೀಲಿ ನಮ್ಮ ಕೈಲಿರಲಿ



ನಾವು ಈಗ ಓದಲು ಕಲಿತಿದ್ದೇವೆ. ಬಸ್ಸಿನ ಬೋರ್ಡು ಓದುತ್ತೇವೆ. ಸಂಘದ ಪಾಸ್‌ಬುಕ್ಕು ಓದುತ್ತೇವೆ. ಹೆಬ್ಬೆಟ್ಟು ಒತ್ತುವ ಬದಲು ಸಹಿ ಹಾಕುತ್ತೇವೆ. ಸಹಿ ಹಾಕುವ ಮುಂಚೆ ಕಾಗದದಲ್ಲಿ ಏನು ಬರೆದಿದೆ ಅಂತ ನೋಡ್ತೇವೆ.

ಮನೆಯ ಕಂಪ್ಯೂಟರ್ ಕೂಡ ಆಗಾಗ ನಮ್ಮ ಒಪ್ಪಿಗೆ ಕೇಳುತ್ತದೆ. ಅಲ್ಲಿ ಓದದೆ ಒತ್ತಿದರೆ ಅದೂ ಹೆಬ್ಬೆಟ್ಟು ಒತ್ತಿದ ಹಾಗೆಯೇ. ಆ ಒಪ್ಪಿಗೆ ಕೊಡುವ ಅಧಿಕಾರ ಯಾರ ಹತ್ತಿರ ಇರಬೇಕು? ಇವತ್ತು ಅದನ್ನು ತಿಳಿಯೋಣ.

ಒಂದು ಮನೆಯ ಕಥೆ

ಒಂದು ಮನೆ ಇದೆ ಅಂದುಕೊಳ್ಳೋಣ. ಆ ಮನೆಯಲ್ಲಿ ಒಂದೇ ಕಂಪ್ಯೂಟರ್. ತಾಯಿ ಅದರಲ್ಲಿ ಸಂಘದ ಉಳಿತಾಯದ ಲೆಕ್ಕ ಇಟ್ಟಿದ್ದಾಳೆ. ಹದಿನೈದು ಜನರ ಲೆಕ್ಕ. ಮಗಳ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಹೊಲದ ಪಹಣಿ, ಮದುವೆಯ ಫೋಟೋ ಎಲ್ಲಾ ಅದರಲ್ಲೇ ಇವೆ.

ಸಂಜೆ ಮಗ ಆಟ ಆಡಲು ಕೂರುತ್ತಾನೆ. ಪುಕ್ಕಟೆ ಆಟ ಸಿಗುತ್ತೆ ಅಂತ ಎಲ್ಲೋ ಕಾಣುತ್ತೆ. ಅದನ್ನು ಒತ್ತುತ್ತಾನೆ. ಪರದೆಯ ಮೇಲೆ ಒಂದು ಚೌಕ ಬರುತ್ತೆ. ‘ಈ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಬಹುದೇ?’ ಅಂತ ಕೇಳುತ್ತೆ. ಕೆಳಗೆ ‘ಯೆಸ್’, ‘ನೋ’ ಅಂತ ಎರಡು ಗುಂಡಿ. ಹುಡುಗನಿಗೆ ಆಟದ ಅವಸರ. ಓದುವುದಿಲ್ಲ. ‘ಯೆಸ್’ ಒತ್ತಿಬಿಡುತ್ತಾನೆ.

ಆಟ ಬಂತು. ಆಟದ ಜೊತೆಗೆ ಒಂದು ಕಳ್ಳ ತಂತ್ರಾಂಶವೂ ಬಂತು. ಮನೆಯವರಿಗೆ ಗೊತ್ತೇ ಆಗಲಿಲ್ಲ.

ತಪ್ಪು ಹುಡುಗನದು ಮಾತ್ರವೇ? ಅಲ್ಲ. ಇಡೀ ಮನೆಯ ಕೀಲಿಗೊಂಚಲು ಅವನ ಕೈಲಿತ್ತು. ಅದನ್ನು ಅವನ ಕೈಗೆ ಕೊಟ್ಟವರು ದೊಡ್ಡವರೇ.

ಖಾತೆಗಳು ಎರಡು ಬಗೆ

ಬ್ಯಾಂಕಿನಲ್ಲಿ ಖಾತೆ ಇರುವಂತೆ ಕಂಪ್ಯೂಟರಿನಲ್ಲೂ ಖಾತೆ ಇರುತ್ತದೆ. ಅದರ ಹೆಸರು ‘ಅಕೌಂಟ್’. ಅದರಲ್ಲಿ ಎರಡು ಬಗೆ.

ಒಂದು, ‘ಅಡ್ಮಿನಿಸ್ಟ್ರೇಟರ್’ ಖಾತೆ. ಇದನ್ನು ನಾವು ಯಜಮಾನಿ ಖಾತೆ ಅಂತ ಕರೆಯೋಣ. ಇದಕ್ಕೆ ಪೂರಾ ಅಧಿಕಾರ. ಹೊಸ ತಂತ್ರಾಂಶ ಹಾಕಬಹುದು, ಇದ್ದದ್ದನ್ನು ತೆಗೆಯಬಹುದು. ಕಂಪ್ಯೂಟರಿನ ಕಾವಲನ್ನೇ ನಿಲ್ಲಿಸಬಹುದು. ಬೇರೆಯವರ ಕಡತ ತೆರೆಯಬಹುದು, ಬೇರೆಯವರ ಖಾತೆಯನ್ನೇ ಅಳಿಸಬಹುದು.

ಇನ್ನೊಂದು, ‘ಸ್ಟ್ಯಾಂಡರ್ಡ್’ ಖಾತೆ. ಇದನ್ನು ದಿನಬಳಕೆಯ ಖಾತೆ ಅನ್ನೋಣ. ಇದರಲ್ಲಿ ಪತ್ರ ಬರೆಯಬಹುದು, ಲೆಕ್ಕ ಇಡಬಹುದು, ಸಿನಿಮಾ ನೋಡಬಹುದು, ಇಂಟರ್‌ನೆಟ್ ಬಳಸಬಹುದು. ದಿನದ ಕೆಲಸ ಯಾವುದೂ ನಿಲ್ಲುವುದಿಲ್ಲ. ಆದರೆ ಇಡೀ ಕಂಪ್ಯೂಟರಿಗೆ ಸಂಬಂಧಪಟ್ಟ ಬದಲಾವಣೆ ಮಾಡಬೇಕಾದರೆ ಯಜಮಾನಿ ಖಾತೆಯ ಪಾಸ್‌ವರ್ಡ್ ಬೇಕು. ಬರೀ ‘ಯೆಸ್’ ಒತ್ತಿದರೆ ನಡೆಯುವುದಿಲ್ಲ.

ಹೊಸ ಕಂಪ್ಯೂಟರಿನಲ್ಲಿ ಮೊದಲು ಮಾಡುವ ಖಾತೆ ಯಜಮಾನಿ ಖಾತೆಯೇ ಆಗಿರುತ್ತೆ. ಎಷ್ಟೋ ಮನೆಗಳಲ್ಲಿ ಅದೊಂದೇ ಖಾತೆ. ತಾಯಿಯೂ ಅದರಲ್ಲೇ, ಮಕ್ಕಳೂ ಅದರಲ್ಲೇ, ಬಂದ ನೆಂಟರೂ ಅದರಲ್ಲೇ.

ಯಾಕೆ ಎರಡು ಬೇಕು?

ನಾವು ಸಂತೆಗೆ ಹೋಗ್ತೇವೆ. ತರಕಾರಿಗೆ ಬೇಕಾದಷ್ಟು ದುಡ್ಡು ತಗೊಂಡು ಹೋಗ್ತೇವೆ. ಒಡವೆ ಇಟ್ಟ ಬೀರುವಿನ ಕೀಲಿ, ಕಣಜದ ಕೀಲಿ ಎಲ್ಲಾ ಜೊತೆಗೆ ಒಯ್ಯುತ್ತೇವೆಯೇ? ಇಲ್ಲ. ಸಂತೆಯಲ್ಲಿ ಜೇಬುಗಳ್ಳ ಸಿಕ್ಕಿದರೂ ಹೋಗುವುದು ಕೈಚೀಲದ ದುಡ್ಡು ಮಾತ್ರ. ಬೀರು ಉಳಿಯುತ್ತೆ.

ಇಂಟರ್‌ನೆಟ್ ಕೂಡ ಒಂದು ದೊಡ್ಡ ಸಂತೆ. ಅಲ್ಲಿ ಒಳ್ಳೆಯವರೂ ಇದ್ದಾರೆ, ಕಳ್ಳರೂ ಇದ್ದಾರೆ. ಕಳ್ಳ ತಂತ್ರಾಂಶ ಯಾರ ಖಾತೆಯಲ್ಲಿ ಒಳಗೆ ಬರುತ್ತೋ, ಅವರಿಗಿರುವ ಅಧಿಕಾರವೇ ಅದಕ್ಕೂ ಸಿಗುತ್ತೆ. ಯಜಮಾನಿ ಖಾತೆಯಲ್ಲಿ ಬಂದು ಒಪ್ಪಿಗೆಯನ್ನೂ ಪಡೆದರೆ ಅದು ಕಾವಲನ್ನು ನಿಲ್ಲಿಸಬಹುದು. ಬೇರು ಬಿಟ್ಟು ಕೂರಬಹುದು. ಎಲ್ಲರ ಕಡತಕ್ಕೂ ಕೈ ಹಾಕಬಹುದು. ಮಗನ ದಿನಬಳಕೆಯ ಖಾತೆಯಲ್ಲಿ ಬಂದರೆ ಬಹುಮಟ್ಟಿಗೆ ಆ ಖಾತೆಯೊಳಗೇ ಸುತ್ತಬೇಕು. ತಾಯಿಯ ಖಾತೆಯಲ್ಲಿರುವ ಸಂಘದ ಲೆಕ್ಕ ಅದಕ್ಕೆ ಸುಲಭವಾಗಿ ಸಿಗುವುದಿಲ್ಲ.

ಇದು ಹೊಸ ಮಾತೇನಲ್ಲ. 1975ರಲ್ಲಿ ಅಮೆರಿಕದ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನೇ ಬರೆದರು. ಯಾರಿಗೇ ಆಗಲಿ, ಕೆಲಸಕ್ಕೆ ಬೇಕಾದಷ್ಟು ಅಧಿಕಾರ ಮಾತ್ರ ಇರಬೇಕು, ಹೆಚ್ಚು ಬೇಡ ಅಂತ ಅವರ ಮಾತಿನ ಸಾರ. ಆದರೂ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯನ್ನು ಮನೆಗಳಲ್ಲಿ ಹೆಚ್ಚಿನವರು ಪೂರಾ ಅಧಿಕಾರದ ಖಾತೆಯಲ್ಲೇ ಬಳಸಿದರು. ವೈರಸ್‌ಗಳಿಗೆ ಇದು ಅನುಕೂಲವಾಯಿತು. 2007ರಲ್ಲಿ ವಿಂಡೋಸ್ ವಿಸ್ಟಾ ಬಂತು. ಆಗಿನಿಂದ ‘ಬದಲಾವಣೆ ಮಾಡಬಹುದೇ?’ ಅಂತ ಕೇಳುವ ಚೌಕ ಬರತೊಡಗಿತು. ಕೇಳುವುದನ್ನು ಕಂಪ್ಯೂಟರ್ ಕಲಿಯಿತು. ಓದಿ ಉತ್ತರ ಹೇಳುವುದು ನಮ್ಮ ಕೆಲಸ.

ಮಾಡುವುದು ಹೇಗೆ?

ಈ ಕೆಲಸಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಓದುವ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ವಿಂಡೋಸ್ 11 ಇರುವ ಕಂಪ್ಯೂಟರಿನಲ್ಲಿ ಹೀಗೆ ಮಾಡಬೇಕು. ಹಳೆಯದರಲ್ಲಿ ಹೆಸರುಗಳು ಸ್ವಲ್ಪ ಬೇರೆ ಇರಬಹುದು, ದಾರಿ ಅದೇ.

1. ‘ಸೆಟ್ಟಿಂಗ್ಸ್’ ತೆರೆಯಿರಿ. ಅದರಲ್ಲಿ ‘ಅಕೌಂಟ್ಸ್’ ಒತ್ತಿ. ಅದರೊಳಗೆ ‘ಅದರ್ ಯೂಸರ್ಸ್’ ಒತ್ತಿ.

2. ‘ಆಡ್ ಅಕೌಂಟ್’ ಒತ್ತಿ. ಮುಂದೆ ಬರುವ ಚೌಕಗಳನ್ನು ಓದಿಕೊಂಡು ಹೊಸ ಖಾತೆಗೆ ಹೆಸರು, ಪಾಸ್‌ವರ್ಡ್ ಕೊಡಿ. ಇದೇ ಮುಂದೆ ನಮ್ಮ ಯಜಮಾನಿ ಖಾತೆ.

3. ಹೊಸ ಖಾತೆಯ ಹೆಸರಿನ ಹತ್ತಿರ ‘ಚೇಂಜ್ ಅಕೌಂಟ್ ಟೈಪ್’ ಇರುತ್ತೆ. ಅದನ್ನು ಒತ್ತಿ ‘ಅಡ್ಮಿನಿಸ್ಟ್ರೇಟರ್’ ಆರಿಸಿ.

4. ಈಗಿನ ಖಾತೆಯಿಂದ ಹೊರಗೆ ಬನ್ನಿ. ಹೊಸ ಖಾತೆಯ ಒಳಗೆ ಹೋಗಿ ನೋಡಿ. ಪಾಸ್‌ವರ್ಡ್ ಸರಿಯಾಗಿ ತಗೊಳ್ತಾ? ಇದನ್ನು ನೋಡದೆ ಮುಂದೆ ಹೋಗಬೇಡಿ.

5. ಹೊಸ ಖಾತೆಯಲ್ಲಿದ್ದುಕೊಂಡೇ ನಿಮ್ಮ ಹಳೆಯ ಖಾತೆಯನ್ನು ‘ಸ್ಟ್ಯಾಂಡರ್ಡ್’ ಮಾಡಿ. ನಿಮ್ಮ ಲೆಕ್ಕ, ಫೋಟೋ ಯಾವುದೂ ಎಲ್ಲೂ ಹೋಗುವುದಿಲ್ಲ. ಹಳೆಯ ಖಾತೆಯಲ್ಲೇ ಇರುತ್ತವೆ.

6. ಹಳೆಯ ಖಾತೆಗೂ ಹೊಸ ಪಾಸ್‌ವರ್ಡ್ ಕೊಡಿ. ಮಕ್ಕಳಿಗೆ ಒಂದೊಂದು ದಿನಬಳಕೆಯ ಖಾತೆ ಮಾಡಿಕೊಡಿ.

ಯಜಮಾನಿ ಖಾತೆಯ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿ ಇಡಿ. ಕಂಪ್ಯೂಟರಿನ ಮೇಲೆ ಅಂಟಿಸಬೇಡಿ. ಅದು ಕಳೆದುಹೋದರೆ ಹೊಸ ತಂತ್ರಾಂಶ ಹಾಕುವುದಕ್ಕೂ ಪರದಾಡಬೇಕಾಗುತ್ತೆ. ಮನೆಯಲ್ಲಿ ನಂಬಿಕೆಯ ಇನ್ನೊಬ್ಬರಿಗೂ ಚೀಟಿ ಎಲ್ಲಿದೆ ಅಂತ ಗೊತ್ತಿರಲಿ.

ಪಾಸ್‌ವರ್ಡ್ ಕೇಳಿದಾಗ

ಮುಂದೆ ಒಂದು ದಿನ ಪಾಸ್‌ವರ್ಡ್ ಕೇಳುವ ಚೌಕ ಬರುತ್ತೆ. ಮಗ ಕೂಗುತ್ತಾನೆ, ‘ಅಮ್ಮಾ, ಪಾಸ್‌ವರ್ಡ್ ಹೇಳು!’ ಕೂಡಲೇ ಹೇಳಬೇಡಿ. ಹೋಗಿ ನೋಡಿ. ಚೌಕದಲ್ಲಿ ತಂತ್ರಾಂಶದ ಹೆಸರು ಇರುತ್ತೆ. ಯಾರು ಮಾಡಿದ್ದು ಅಂತಲೂ ತೋರಿಸುತ್ತೆ. ಮೂರು ಮಾತು ಕೇಳಿ.

ಇದನ್ನು ನಾವೇ ಬೇಕು ಅಂತ ಹಾಕ್ತಾ ಇದ್ದೇವಾ?
ಇದು ಎಲ್ಲಿಂದ ಬಂತು?
ಇದರಿಂದ ನಮಗೆ ಏನು ಕೆಲಸ?

ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ನೀವೇ ಪಾಸ್‌ವರ್ಡ್ ಒತ್ತಿ. ಸಿಗದಿದ್ದರೆ ‘ನೋ’ ಒತ್ತಿ. ‘ನೋ’ ಒತ್ತಿದರೆ ಕಂಪ್ಯೂಟರ್ ಕೆಡುವುದಿಲ್ಲ. ನಾಳೆ ವಿಚಾರಿಸಿ ಹಾಕಿಕೊಳ್ಳಬಹುದು.

ಇದೊಂದೇ ಸಾಲದು

ದಿನಬಳಕೆಯ ಖಾತೆ ಒಳ್ಳೆಯ ಬಾಗಿಲು. ಆದರೆ ಒಂದೇ ಬಾಗಿಲು ಇಡೀ ಮನೆ ಕಾಯುವುದಿಲ್ಲ. ನಮ್ಮ ಖಾತೆಯಲ್ಲಿ ಕಳ್ಳ ಬಂದರೆ ನಮ್ಮದೇ ಲೆಕ್ಕ, ಫೋಟೋ ಹಾಳು ಮಾಡಬಲ್ಲ. ಅದಕ್ಕೇ ಮುಖ್ಯವಾದ ಕಡತಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ, ಕಳಚಿ, ಬೇರೆ ಕಡೆ ಇಡಬೇಕು. ಕಂಪ್ಯೂಟರಿನ ಅಪ್‌ಡೇಟ್ ಬಂದಾಗ ಹಾಕಿಕೊಳ್ಳಬೇಕು.

ಯಾರೋ ಫೋನ್ ಮಾಡಿ ‘ನಿಮ್ಮ ಕಂಪ್ಯೂಟರ್ ಕೆಟ್ಟಿದೆ, ಪಾಸ್‌ವರ್ಡ್ ಹೇಳಿ, ಓಟಿಪಿ ಹೇಳಿ’ ಅಂದರೆ ಹೇಳಬೇಡಿ. ನಾವೇ ಬಾಯಿಬಿಟ್ಟು ಹೇಳಿದರೆ ಯಾವ ಖಾತೆಯೂ ಕಾಪಾಡದು. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ದೂರಿಗಾಗಿ ಇರುವ ಸರ್ಕಾರದ ಸಹಾಯವಾಣಿ.

ಕೀಲಿ ಯಾರ ಹತ್ತಿರ?

ದಿನಬಳಕೆಯ ಖಾತೆ ಅಂದರೆ ಕೀಳು ಖಾತೆ ಅಲ್ಲ. ಕಂಪ್ಯೂಟರ್ ಚೆನ್ನಾಗಿ ಬಲ್ಲವರೂ ದಿನದ ಕೆಲಸಕ್ಕೆ ಇದನ್ನೇ ಬಳಸುತ್ತಾರೆ. ಅಧಿಕಾರ ಇರುವುದು ಬೇರೆ, ಅದನ್ನು ಹೊತ್ತುಕೊಂಡೇ ತಿರುಗುವುದು ಬೇರೆ.

‘ಹೆಂಗಸರಿಗೆ ಯಾಕೆ ಪಾಸ್‌ವರ್ಡ್? ಅವರಿಗೇನು ತಿಳಿಯುತ್ತೆ?’ ಅಂತ ಕೆಲವರು ಅನ್ನುತ್ತಾರೆ. ಮನೆಯ ಕೀಲಿಗೊಂಚಲು ಇಷ್ಟು ಕಾಲ ಕಾಪಾಡಿದವರು ಯಾರು? ನಾವೇ ಅಲ್ವಾ? ಈಗ ನಮಗೆ ಅಕ್ಷರವೂ ಬಂದಿದೆ. ಚೌಕದಲ್ಲಿ ಬಂದದ್ದನ್ನು ಓದಬಲ್ಲೆವು. ಗೊತ್ತಾಗದಿದ್ದರೆ ಕೇಳಬಲ್ಲೆವು. ಈ ಕೀಲಿಯನ್ನೂ ನಾವು ಕಾಪಾಡಬಲ್ಲೆವು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋ ಗಾದೆ ಇದೆ. ಹಾಗಾಗುವುದು ಬೇಡ. ಈ ಭಾನುವಾರವೇ ಕೂತು ಖಾತೆ ಬೇರೆ ಮಾಡೋಣ.

ಹೊಸ ಪದಗಳು

ಖಾತೆ: ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೆ ಇರುವ ಜಾಗ
ತಂತ್ರಾಂಶ: ಕಂಪ್ಯೂಟರಿಗೆ ಕೆಲಸ ಹೇಳಿಕೊಡುವ ಬರಹ, ಸಾಫ್ಟ್‌ವೇರ್
ಕಡತ: ಕಂಪ್ಯೂಟರಿನಲ್ಲಿ ಉಳಿಸಿದ ಪತ್ರ, ಲೆಕ್ಕ, ಫೋಟೋ, ಫೈಲು
ಪಾಸ್‌ವರ್ಡ್: ಗುಟ್ಟಿನ ಪದ

ಉತ್ತರ ಹೇಳಿ

1. ಕಂಪ್ಯೂಟರಿನಲ್ಲಿ ಎಷ್ಟು ಬಗೆಯ ಖಾತೆ ಇವೆ? ಅವುಗಳ ಹೆಸರೇನು?
2. ಹಳೆಯ ಖಾತೆಯನ್ನು ಬದಲಿಸುವ ಮುಂಚೆ ಏನನ್ನು ನೋಡಬೇಕು?
3. ಪಾಸ್‌ವರ್ಡ್ ಕೊಡುವ ಮುಂಚೆ ಕೇಳಬೇಕಾದ ಮೂರು ಮಾತು ಯಾವುವು?

ಮಾತಾಡೋಣ

ನಿಮ್ಮ ಮನೆಯಲ್ಲಿ ಬೀರುವಿನ ಕೀಲಿ ಯಾರ ಹತ್ತಿರ ಇದೆ? ಕಂಪ್ಯೂಟರಿನ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಯಾಕೆ? ಕೇಂದ್ರದಲ್ಲಿ ಎಲ್ಲರೂ ಕೂತು ಮಾತಾಡಿ.