ಬೊರಿವಲಿಯ ರಸ್ತೆಗೆ ಹರಾಜುಕುವಿನ ಎತ್ತರ: ದಪ್ಪ ಸೋಲಿನ ಶೂ ಆರಿಸುವ ಸೂತ್ರಗಳು

ಕಪ್ಪು ಫ್ರಾಕು, ಲೇಸಿನ ಅಂಚು, ತಲೆಯ ಮೇಲೆ ದೊಡ್ಡ ಬೋ, ಕೈಯಲ್ಲಿ ಬಾವಲಿಯ ಆಕಾರದ ಪುಟ್ಟ ಚೀಲ. ಕತ್ತಲೆಯನ್ನೂ ಮುದ್ದನ್ನೂ ಒಂದೇ ಉಡುಪಿನಲ್ಲಿ ಹೊಲಿಯುವ ಈ ಜಪಾನಿ ಬೀದಿ ಫ್ಯಾಷನ್ನಿಗೆ ಗಾಥಿಕ್ ಲೊಲಿಟಾ ಎಂದು ಹೆಸರು. ಬೆಳೆದದ್ದು ಟೋಕಿಯೊದ ಹರಾಜುಕುವಿನಲ್ಲಿ. ಮಾಲೀಸ್ ಮಿಝೆರ್ ಸಂಗೀತ ತಂಡದ ಗಿಟಾರ್ ವಾದಕ ಮಾನಾ 1999ರಲ್ಲಿ ಇದಕ್ಕೆಂದೇ ಸ್ವಂತ ಉಡುಪಿನ ಬ್ರ್ಯಾಂಡ್ ಕಟ್ಟಿದ. 2001ರಲ್ಲಿ ‘ಗಾಥಿಕ್ ಅಂಡ್ ಲೊಲಿಟಾ ಬೈಬಲ್’ ಪತ್ರಿಕೆ ಬಂದ ಮೇಲೆ ಊರೂರಿನ ಹುಡುಗಿಯರು ಅದರ ಪುಟ ನೋಡಿಕೊಂಡು ಉಡುಪು ಹೊಲಿಯತೊಡಗಿದರು. ನಮ್ಮ ಮುಂಬಯಿಯ ಮಕ್ಕಳಿಗೆ ಇದು ತಲುಪಿದ್ದು ಹೆಚ್ಚಾಗಿ ಆನಿಮೆಯ ಮೂಲಕ. ‘ಡೆತ್ ನೋಟ್’ನ ಮಿಸಾ ಅಮಾನೆಯನ್ನು ನೋಡಿದವರಿಗೆ ಈ ಕಪ್ಪಿನ ಪರಿಚಯ ಬೇಕಿಲ್ಲ.

ಫ್ರಾಕು ಹೊಲಿಸುವುದು ಕಷ್ಟವಲ್ಲ. ಬೊರಿವಲಿಯ ಒಳ್ಳೆಯ ಟೇಲರ್ ಒಬ್ಬರ ಮುಂದೆ ಚಿತ್ರ ಹಿಡಿದರೆ ಅರ್ಧ ಕೆಲಸ ಆಯಿತು. ತೊಡಕಿರುವುದು ಕಾಲಿನಲ್ಲಿ. ಆ ದಪ್ಪ ಸೋಲಿನ ಪ್ಲಾಟ್‌ಫಾರ್ಮ್ ಶೂ ಸರಿಯಾಗದಿದ್ದರೆ ಎಷ್ಟು ಚಂದದ ಉಡುಪೂ ಕುಂಟುತ್ತದೆ, ತೊಟ್ಟವರೂ ಕುಂಟುತ್ತಾರೆ. ಆದ್ದರಿಂದ ಈ ಸೂತ್ರಗಳು.

1. ಶೂ ಮೊದಲು, ಫ್ರಾಕು ಆಮೇಲೆ.

ಹೆಚ್ಚಿನವರು ತಿರುಗಾಮುರುಗಾ ಮಾಡುತ್ತಾರೆ. ದುಡ್ಡೆಲ್ಲ ಫ್ರಾಕಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಶೂ ಹುಡುಕುತ್ತಾರೆ. ಈ ಉಡುಪಿನ ಸ್ಕರ್ಟು ಒಳಗಿನ ಪೆಟಿಕೋಟಿನಿಂದ ಉಬ್ಬಿ ಮೊಣಕಾಲಿನ ಹತ್ತಿರ ನಿಲ್ಲುತ್ತದೆ. ಅಷ್ಟು ಅಗಲಕ್ಕೆ ಕೆಳಗೆ ತೂಕದ ನೆಲೆ ಬೇಕು, ತೆಳು ಚಪ್ಪಲಿ ಹಾಕಿದರೆ ಕಾಲು ಕಾಣೆಯಾಗುತ್ತದೆ. ಯಕ್ಷಗಾನ ನೋಡಿ ಬೆಳೆದ ಕರಾವಳಿ ಮನೆಯವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ: ದೊಡ್ಡ ಕಿರೀಟದ ಬಣ್ಣದ ವೇಷ ಕಾಲು ಅಗಲಿಸಿ ನಿಂತಾಗಲೇ ರಂಗ ತುಂಬುವುದು. ಶೂ ಕೊಂಡು, ಅದನ್ನು ಹಾಕಿಕೊಂಡೇ ಟೇಲರ್‌ಗೆ ಅಳತೆ ಕೊಡಿ.

2. ಎತ್ತರವನ್ನು ಕಳೆಯುವ ಲೆಕ್ಕದಲ್ಲಿ ನೋಡಿ.

ಡಬ್ಬಿಯ ಮೇಲೆ ‘11 ಸೆಂ.ಮೀ.’ ಎಂದು ಬರೆದಿದ್ದರೆ ಅದು ಹಿಮ್ಮಡಿಯ ಎತ್ತರ ಮಾತ್ರ. ಮುಂಗಾಲಿನ ಕೆಳಗೆ ಸೋಲು ಎಷ್ಟು ದಪ್ಪ ಇದೆ ಎಂಬುದನ್ನು ಕೇಳಿ ತಿಳಿಯಬೇಕು. ಹಿಮ್ಮಡಿ 11, ಮುಂದೆ 7 ಇದ್ದರೆ ನಿಮ್ಮ ಪಾದ ಇಳಿಜಾರಾಗುವುದು 4 ಸೆಂ.ಮೀ. ಮಾತ್ರ. ಅದೇ ಹಿಮ್ಮಡಿ 9, ಮುಂದೆ 2 ಇದ್ದರೆ ಇಳಿಜಾರು 7. ನೋಡಲು ಮೊದಲನೆಯದು ಎತ್ತರ, ನಡೆಯಲು ಎರಡನೆಯದು ಕಷ್ಟ. ಇಳಿಜಾರು ಹೆಚ್ಚಾದಷ್ಟೂ ದೇಹದ ಭಾರ ಬೆರಳಿನ ಬುಡಕ್ಕೆ ಜಾರುತ್ತದೆ, ಸಂಜೆಗೆ ಮೀನಖಂಡ ಬಿಗಿಯುತ್ತದೆ.

ಹೊಸಬರಿಗೆ ನನ್ನ ಶಿಫಾರಸು ಇದು: ಮುಂದೆ 4ರಿಂದ 5 ಸೆಂ.ಮೀ., ಹಿಂದೆ 7ರಿಂದ 8. ಇಳಿಜಾರು 4 ದಾಟಬಾರದು. ಆದರೆ ಇಳಿಜಾರು ಇಲ್ಲದ ಎತ್ತರಕ್ಕೂ ಅದರದೇ ಅಪಾಯ ಉಂಟು. ನೆಲದಿಂದ ಪಾದ ದೂರವಾದಷ್ಟೂ ಕಾಲು ಪಕ್ಕಕ್ಕೆ ಹೊರಳಿದರೆ ಕಣಕಾಲಿಗೆ ಪೆಟ್ಟು ಜೋರು. ಹಾಗಾಗಿ ಎತ್ತರ ಏರಿದ ಹಾಗೆ ಸೋಲಿನ ಅಗಲವೂ ಏರಬೇಕು. ಮೇಲ್ಭಾಗಕ್ಕಿಂತ ಅಡಿಭಾಗ ಕಿರಿದಾಗುತ್ತಾ ಹೋಗುವ ಶೂ ಎಷ್ಟೇ ಚೆಲುವಾಗಿದ್ದರೂ ಬಿಟ್ಟುಬಿಡಿ.

3. ತುದಿ ದುಂಡಗಿರಲಿ.

ಚೂಪು ತುದಿ ಆಫೀಸಿನ ಶೂಗೆ ಸರಿ. ಮುದ್ದು ಬರುವುದು ದುಂಡು ತುದಿಯಿಂದ, ಬೆರಳಿಗೂ ಜಾಗ ಸಿಗುತ್ತದೆ.

4. ಪಟ್ಟಿ ಇಲ್ಲದ ಶೂ ಬೇಡವೇ ಬೇಡ.

ಸಾದಾ ಶೂ ನಡೆಯುವಾಗ ಬೆರಳಿನ ಬುಡದಲ್ಲಿ ಬಾಗುತ್ತದೆ. ದಪ್ಪ ಸೋಲು ಬಾಗುವುದಿಲ್ಲ. ನೀವು ಹೆಜ್ಜೆ ಎತ್ತಿದಾಗ ಹಿಮ್ಮಡಿ ಶೂವಿನಿಂದ ಎದ್ದುಬರಲು ನೋಡುತ್ತದೆ. ಅದನ್ನು ತಡೆಯಲು ಪಾದದ ಮೇಲೊಂದು ಪಟ್ಟಿ, ಇನ್ನೂ ಎತ್ತರವಾದರೆ ಕಣಕಾಲಿಗೂ ಒಂದು ಪಟ್ಟಿ ಬೇಕು. ಮೇರಿ ಜೇನ್ ಎಂಬ ಪಟ್ಟಿ ಶೂ ಈ ಉಡುಪಿನ ಜೀವಾಳವಾದದ್ದು ಬರೀ ಚಂದಕ್ಕಲ್ಲ.

ಹರಾಜುಕುವಿನ ಹುಡುಗಿಯರು ಮೆಚ್ಚಿದ ‘ರಾಕಿಂಗ್ ಹಾರ್ಸ್’ ಶೂವನ್ನು ಇಂಗ್ಲೆಂಡಿನ ವಿವಿಯನ್ ವೆಸ್ಟ್‌ವುಡ್ 1980ರ ದಶಕದಲ್ಲಿ ರೂಪಿಸಿದರು. ಮರದ ಅಡಿ ಗಟ್ಟಿ, ಆದರೆ ಮುಂಭಾಗ ಮೇಲಕ್ಕೆ ಕೊರೆದದ್ದು, ಜೊತೆಗೆ ಕಾಲಿಗೆ ಸುತ್ತಿ ಕಟ್ಟುವ ಪಟ್ಟಿ. ಬಾಗದ ಸೋಲು ಉರುಳುತ್ತಾ ಮುಂದೆ ಹೋಗಲಿ ಎಂಬ ಉಪಾಯ ಅದು. ಅದೇ ವೆಸ್ಟ್‌ವುಡ್‌ರ ಇನ್ನೊಂದು ಅತಿ ಎತ್ತರದ ಶೂ ತೊಟ್ಟು ನವೋಮಿ ಕ್ಯಾಂಪ್‌ಬೆಲ್ 1993ರಲ್ಲಿ ಪ್ಯಾರಿಸ್‌ನ ರ‍್ಯಾಂಪ್ ಮೇಲೆ ಬಿದ್ದರು. ದಿನಾ ರ‍್ಯಾಂಪ್ ನಡೆಯುವವರೇ ಬಿದ್ದ ಎತ್ತರವನ್ನು ಎಸ್.ವಿ. ರೋಡಿಗೆ ತರುವುದು ಬೇಡ.

5. ಅಂಗಡಿಯಲ್ಲಿ ನಾಚಿಕೊಳ್ಳದೆ ಪರೀಕ್ಷಿಸಿ.

ಸಂಜೆ ಹೋಗಿ, ಹಗಲೆಲ್ಲ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಆಗ ಸರಿಹೊಂದಿದ್ದು ಬೆಳಿಗ್ಗೆಯೂ ಹೊಂದುತ್ತದೆ. ಉಡುಪಿಗೆ ಹಾಕುವ ಸಾಕ್ಸನ್ನೇ ಹಾಕಿಕೊಳ್ಳಿ. ಶೂವನ್ನು ಮಟ್ಟವಾದ ನೆಲದಲ್ಲಿಟ್ಟು ಮುಂದಿನ ತುದಿ ನೋಡಿ: ಅದು ನೆಲದಿಂದ ಒಂದಿಷ್ಟು ಎದ್ದಿರಬೇಕು, ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಎಡವುತ್ತೀರಿ. ಕೈಯಲ್ಲಿ ತೂಗಿ ನೋಡಿ. ಒಂದು ಕಾಲಿನ ಶೂ ಅರ್ಧ ಕಿಲೋ ದಾಟಿದರೆ ದಿನವಿಡೀ ಓಡಾಟಕ್ಕೆ ಆಗದು. ಹಗುರವೆಂದರೆ ಇ.ವಿ.ಎ. ಎಂಬ ಫೋಮಿನ ಸೋಲು, ರಬ್ಬರ್ ಭಾರ, ಆದರೆ ಒದ್ದೆ ಟೈಲ್ಸ್ ಮೇಲೆ ಕಚ್ಚಿ ನಿಲ್ಲುತ್ತದೆ. ಇ.ವಿ.ಎ. ಮೇಲೆ ತೆಳು ರಬ್ಬರ್ ತಳ ಅಂಟಿಸಿದ್ದು ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಬಹುದು. ಕೊನೆಗೆ ಅಂಗಡಿಯ ಮೆಟ್ಟಿಲು ಇಳಿದು ನೋಡಿ. ಹತ್ತುವುದು ಎಲ್ಲರಿಗೂ ಬರುತ್ತದೆ, ಪರೀಕ್ಷೆ ಇಳಿಯುವುದರಲ್ಲಿ.

6. ಬೊರಿವಲಿ ಸ್ಟೇಷನ್ನನ್ನು ಮನಸ್ಸಿನಲ್ಲಿಟ್ಟು ಕೊಳ್ಳಿ.

ಇದನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳುತ್ತೇನೆ. ಹರಾಜುಕುವಿನ ಫುಟ್‌ಪಾತಿಗೆ ರೂಪಿಸಿದ ಶೂ ನಮ್ಮ ಪೇವರ್ ಬ್ಲಾಕಿನ ಮೇಲೆ ನಡೆಯಬೇಕು. ಒಂದು ಬ್ಲಾಕು ಎದ್ದಿರುತ್ತದೆ, ಪಕ್ಕದ್ದು ಕುಸಿದಿರುತ್ತದೆ. ದಪ್ಪ ಸೋಲಿನ ಮೂಲಕ ಪಾದಕ್ಕೆ ನೆಲದ ಸುಳಿವೇ ಸಿಗುವುದಿಲ್ಲ. ಆಮೇಲೆ ಲೋಕಲ್. ಗಾಡಿ ನಿಲ್ಲುವುದು ಕೆಲವೇ ಸೆಕೆಂಡು, ಡಬ್ಬಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಸಂದಿ, ಹಿಂದಿನಿಂದ ನೂಕು. ಲೇಡೀಸ್ ಡಬ್ಬಿಯಲ್ಲಿ ನಿಮ್ಮ ಸೋಲಿನ ಅಡಿಗೆ ಇನ್ನೊಬ್ಬರ ಬೆರಳು ಸಿಕ್ಕರೆ ಅವರಿಗಾಗುವ ನೋವೂ ಸಣ್ಣದಲ್ಲ.

ಆದ್ದರಿಂದ ನಿಯಮ: ಲೋಕಲ್‌ಗೆ ಕ್ಯಾನ್ವಾಸ್ ಶೂ, ಎತ್ತರದ ಶೂ ಬಟ್ಟೆಚೀಲದಲ್ಲಿ. ತಲುಪಿದ ಮೇಲೆ ಕುಳಿತು ಬದಲಿಸಿಕೊಳ್ಳಿ. ಮುಂಬಯಿ ಕಾಮಿಕ್ ಕಾನ್ ಗೋರೆಗಾಂವ್‌ನಲ್ಲಿ ನಡೆದಿದೆ, ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲೂ ನಡೆದಿದೆ. ಎರಡೂ ಕಡೆ ಒಳಗೆ ವಿಶಾಲವಾದ ಮಟ್ಟ ನೆಲ, ಇಂಥ ಶೂಗೆ ತಕ್ಕದ್ದು. ದಾರಿಯುದ್ದಕ್ಕೂ ತೊಟ್ಟೇ ಹೋಗಬೇಕೆಂಬ ಹಟವಿದ್ದರೆ ಮೆಟ್ರೊ ಹಿಡಿಯಿರಿ. 2022ರ ಏಪ್ರಿಲ್‌ನಲ್ಲಿ ಶುರುವಾದ 2ಎ ಮತ್ತು 7ನೇ ಮಾರ್ಗಗಳು ಬೊರಿವಲಿಯ ಪಶ್ಚಿಮ, ಪೂರ್ವ ಎರಡೂ ಬದಿ ಹಾದುಹೋಗುತ್ತವೆ. ಲಿಫ್ಟ್ ಇದೆ, ಗಾಡಿಯ ನೆಲ ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಇದೆ. ಸ್ಕೂಟರ್ ಓಡಿಸುವಾಗಲಂತೂ ಈ ಶೂ ಬೇಡ. ಸಿಗ್ನಲ್‌ನಲ್ಲಿ ಕಾಲೂರಿದಾಗಲೇ ಕಣಕಾಲು ಹೊರಳುವುದು.

ಫೋಟೊ ತೆಗೆಸಲು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೋ ಮಂಡಪೇಶ್ವರ ಗುಹೆಗೋ ಹೋಗುವವರಿದ್ದೀರಿ. ಕಪ್ಪು ಉಡುಪಿಗೆ ಆ ಕಲ್ಲಿನ ಹಿನ್ನೆಲೆ ನಿಜಕ್ಕೂ ಒಪ್ಪುತ್ತದೆ. ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳ ಬಂಡೆ ಮೆಟ್ಟಿಲನ್ನು ಮಾತ್ರ ಸಪಾಟು ಶೂನಲ್ಲಿ ಹತ್ತಿ, ಮೇಲೆ ಹೋಗಿ ಬದಲಿಸಿ.

7. ಮಳೆಗಾಲದಲ್ಲಿ ಶೂ ಪೆಟ್ಟಿಗೆಯೊಳಗೇ ಸಾಯುತ್ತದೆ, ನೆನಪಿಡಿ.

ಪಿ.ಯು. ಎಂದು ಕರೆಯುವ ಪಾಲಿಯುರಿಥೇನ್ ಸೋಲು ಗಾಳಿಯ ತೇವದೊಂದಿಗೆ ವರ್ತಿಸಿ ನಿಧಾನವಾಗಿ ಒಡೆಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಕೆಲವು ವರ್ಷದ ಮೇಲೆ ಹಾಕಿಕೊಂಡು ಹೊರಟ ದಿನ ಸೋಲು ಪುಡಿಪುಡಿಯಾಗಿ ರಸ್ತೆಯಲ್ಲಿ ಉದುರುತ್ತದೆ. ನಾಲ್ಕು ತಿಂಗಳಲ್ಲಿ 2,000 ಮಿ.ಮೀ. ದಾಟಿ ಮಳೆ ಸುರಿಯುವ ಊರಿನಲ್ಲಿ ಇದು ಬೇಗ ಆಗುತ್ತದೆ. ಮೇಲ್ಭಾಗದ ಕೃತಕ ಚರ್ಮವೂ ಹೀಗೆಯೇ ಸಿಪ್ಪೆ ಏಳುತ್ತದೆ. ‘ವಿಶೇಷ ದಿನಕ್ಕೆ’ ಎಂದು ಮುಚ್ಚಿಡಬೇಡಿ. ಆಗಾಗ ಹಾಕಿ, ಒರೆಸಿ, ಗಾಳಿಗಿಡಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಟೋಕಿಯೊದ ಕ್ಲಾಸೆಟ್ ಚೈಲ್ಡ್‌ನಂಥ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ತರಿಸುವವರು ಬಣ್ಣ ಕೇಳುವ ಮೊದಲು ಸೋಲು ಯಾವುದರದ್ದು, ಎಷ್ಟು ಹಳೆಯದು ಎಂದು ಕೇಳಬೇಕು.

8. ಸೈಜು ಸೆಂಟಿಮೀಟರಿನಲ್ಲಿ ಅಳೆಯಿರಿ.

ಜಪಾನಿನಲ್ಲಿ ಶೂವಿನ ಅಳತೆಯೆಂದರೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. ನಮ್ಮ ಅಂಗಡಿಯ 5 ನಂಬರ್ ಸುಮಾರು 24 ಸೆಂ.ಮೀ.ಗೆ ಸಮ. ಗೋಡೆಗೆ ಹಿಮ್ಮಡಿ ಒತ್ತಿ, ಕಾಗದದ ಮೇಲೆ ನಿಂತು ಗುರುತು ಹಾಕಿ; ಎರಡೂ ಕಾಲು ಅಳೆದು ದೊಡ್ಡದನ್ನು ಹಿಡಿಯಿರಿ. ಅಗಲಕ್ಕೆ ಅಲ್ಲಿ ಇ, ಡಬಲ್ ಇ, ಟ್ರಿಪಲ್ ಇ ಎಂಬ ಗುರುತುಗಳಿವೆ. ಚಪ್ಪಲಿಯಲ್ಲೇ ಬೆಳೆದ ನಮ್ಮ ಪಾದಗಳ ಮುಂಭಾಗ ಸಾಮಾನ್ಯವಾಗಿ ಅಗಲ, ಅದನ್ನು ಮರೆಯಬೇಡಿ. 25 ಸೆಂ.ಮೀ. ದಾಟಿದವರಿಗೆ ಅಲ್ಲಿಂದ ತರಿಸುವುದು ಕಷ್ಟ, ಅವರಿಗೆ ಮುಂದಿನ ಸೂತ್ರ.

9. ತರಿಸುವುದಕ್ಕಿಂತ ಮಾಡಿಸಿ.

ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ. ಹೊಂದದಿದ್ದರೆ ಹಿಂದಿರುಗಿಸುವುದು ಇನ್ನೊಂದು ಸಾಹಸ. ಆದರೆ ಮುಂಬಯಿಯೇ ಶೂ ಮಾಡುವ ಊರು. ಕುರ್ಲಾ-ಚೆಂಬೂರ್ ಕಡೆಯ ಠಕ್ಕರ್ ಬಾಪ್ಪಾ ಕಾಲನಿಯಲ್ಲಿ ಮನೆಮನೆಯೂ ಪಾದರಕ್ಷೆಯ ಕಾರ್ಖಾನೆ. ಬಾಂದ್ರಾದ ಲಿಂಕಿಂಗ್ ರೋಡಿನ ಸಾಲು ಅಂಗಡಿಗಳಲ್ಲಿ ಪಟ್ಟಿ ಇರುವ ದುಂಡು ತುದಿಯ ಶೂ ಹುಡುಕಿದರೆ ಸಿಗುತ್ತದೆ. ಸೋಲು ತೆಳುವಾದರೆ ದಪ್ಪ ಮಾಡಿಸಬಹುದು. ಸ್ಟೇಷನ್ ಹೊರಗೆ ತಗಡಿನ ಗೂಡಿನಲ್ಲಿ ಕೂರುವ, ಮರಾಠಿಯಲ್ಲಿ ಗಟಈ ಕಾಮಗಾರ್ ಎನ್ನುವ ಕುಶಲಿಗಳಿಗೆ ಶೀಟು ಕತ್ತರಿಸಿ ಅಂಟಿಸಿ ಹೊಲಿಗೆ ಹಾಕುವುದು ಕೈಗೂಡಿದ ವಿದ್ಯೆ. ಚಿತ್ರ ತೋರಿಸಿ, ಮುಂದೆ ಇಷ್ಟು ಹಿಂದೆ ಇಷ್ಟು ಎಂದು ಸೆಂಟಿಮೀಟರಿನಲ್ಲಿ ಹೇಳಿ, ಮುಂದಿನ ತುದಿ ಎತ್ತಿಕೊಡಲು ಹೇಳಿ. ಬರೀ ಸೊಲ್ಯೂಷನ್ ಹಚ್ಚಿದರೆ ಮೊದಲ ಮಳೆಗೆ ಬಿಡುತ್ತದೆ, ಅಂಚಿಗೆ ಹೊಲಿಗೆ ಬೇಕೇ ಬೇಕು. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ನಿಮ್ಮ ಕಣಕಾಲು ನಿಂತಿರುವುದು ಆ ಹೊಲಿಗೆಯ ಮೇಲೆ.

ಕೊಳ್ಳುವವರಿಗೆ ಒಂದು ಲೆಕ್ಕ: 2025ರ ಸೆಪ್ಟೆಂಬರ್ 22ರಿಂದ ಒಂದು ಜೊತೆಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಶೇ. 5 ಜಿ.ಎಸ್.ಟಿ., ಅದರ ಮೇಲಿನದಕ್ಕೆ ಶೇ. 18.

10. ಅಲಂಕಾರದಲ್ಲಿ ಒಂದು ಎಚ್ಚರ.

ಗಾಥಿಕ್ ಶೈಲಿಯಲ್ಲಿ ಶಿಲುಬೆಯ ಲೋಹದ ಗುರುತುಗಳು ಹೇರಳ. ಜಪಾನಿನ ಈ ಶೈಲಿಯಲ್ಲಿ ಅದು ಅಲಂಕಾರ ಮಾತ್ರ. ಬೊರಿವಲಿಯಲ್ಲಿ ಐ.ಸಿ. ಕಾಲನಿಯ ನಿಮ್ಮ ಕ್ರೈಸ್ತ ನೆರೆಯವರಿಗೆ ಅದು ಪೂಜ್ಯ, ಕಾಲಿನಲ್ಲಿ ಕಂಡರೆ ಮನಸ್ಸು ನೋಯುತ್ತದೆ. ಯಾವ ಧರ್ಮದ ಗುರುತೂ ಶೂ ಮೇಲೆ ಬೇಡ. ಬಾವಲಿ, ಗುಲಾಬಿ, ಹೃದಯದ ಬಕಲ್, ಸಣ್ಣ ಸರಪಳಿ ಇಷ್ಟಿದ್ದರೆ ಧಾರಾಳವಾಯಿತು. ಬಣ್ಣ ಕಪ್ಪು, ಬೇಕಾದರೆ ದ್ರಾಕ್ಷಾರಸದ ಕೆಂಪು. ಗುಲಾಬಿ-ಕಪ್ಪು ಬೆರೆಸುವ ಜಿರಾಯ್-ಕೇ ಶೈಲಿಯವರೂ ಶೂ ಕಪ್ಪೇ ಇಟ್ಟು, ಗುಲಾಬಿಯನ್ನು ರಿಬ್ಬನ್ನಿಗೆ ಬಿಡುವುದು ಒಳ್ಳೆಯದು. ಮುಂಬಯಿಯ ರಾಡಿಗೆ ಗುಲಾಬಿ ಶೂ ಬಾಳದು.

11. ಬಾಗಿಲಲ್ಲಿ ಬಿಚ್ಚುವ ಶೂ ಇದು.

ಜಪಾನಿನವರೂ ನಮ್ಮಂತೆಯೇ ಹೊಸ್ತಿಲಲ್ಲಿ ಶೂ ಬಿಡುತ್ತಾರೆ. ಆದ್ದರಿಂದ ಅಲ್ಲಿನ ಹಲವು ಶೂಗಳಲ್ಲಿ ಹೊರಗೆ ಕಾಣುವ ಬಕಲ್ ಬರೀ ತೋರಿಕೆಗೆ, ಒಳಗೆ ಜಿಪ್ಪೋ ಇಲಾಸ್ಟಿಕ್ಕೋ ಇರುತ್ತದೆ. ಅಂಥದ್ದನ್ನೇ ಆರಿಸಿ. ಚಿಕ್ಕಮ್ಮನ ಮನೆಗೆ ಹೋದಾಗ ಬಾಗಿಲಲ್ಲಿ ಕೂತು ಆರು ಬಕಲ್ ಬಿಚ್ಚುತ್ತಿದ್ದರೆ, “ಇದೆಂಥದು ಮಾರಾಯ್ತಿ, ಇಷ್ಟು ಎತ್ತರದ್ದು? ಬೀಳುವುದಿಲ್ವಾ?” ಎಂಬ ಪ್ರಶ್ನೆ ಆರು ಸಲ ಬರುತ್ತದೆ. ಶೂ ಬಿಚ್ಚಿದ ಮೇಲೆ ಕಾಣುವುದು ಸಾಕ್ಸ್. ಲೇಸಿನ ಅಂಚಿನ, ಮೊಣಕಾಲವರೆಗಿನ ಹತ್ತಿಯದು ಕೊಳ್ಳಿ. ನೈಲಾನ್ ನಮ್ಮ ಸೆಖೆಗೆ ಆಗದು, ನುಣುಪು ನೆಲದಲ್ಲಿ ಜಾರುತ್ತದೆ ಕೂಡ.

12. ನಡಿಗೆಯನ್ನು ಮನೆಯಲ್ಲೇ ಕಲಿಯಿರಿ.

ಮೊದಲು ಕೋಣೆಯಲ್ಲಿ, ಆಮೇಲೆ ಸೊಸೈಟಿ ಕಂಪೌಂಡಿನಲ್ಲಿ. ಹೆಜ್ಜೆ ಚಿಕ್ಕದಿರಲಿ, ಪಾದವನ್ನು ಮೇಲೆತ್ತಿ ಇಡಿ, ಎಳೆಯಬೇಡಿ. ಕ್ಯೋಟೊದಲ್ಲಿ ಗೇಯ್ಶಾ ಕಲೆ ಕಲಿಯುವ ಮಾಯಿಕೊ ಹುಡುಗಿಯರು ಓಕೊಬೊ ಎಂಬ ಹತ್ತು ಸೆಂ.ಮೀ. ಎತ್ತರದ ಮರದ ಮೆಟ್ಟಿನಲ್ಲಿ ಓಡಾಡುತ್ತಾರೆ, ಅವರ ಪುಟ್ಟ ಹೆಜ್ಜೆಯ ಗತ್ತಿನಲ್ಲಿ ಆ ಮೆಟ್ಟಿನ ಪಾಲೂ ಇದೆ. ಕಣಕಾಲಿಗೆ ಹಿಂದೆ ಪೆಟ್ಟಾಗಿದ್ದರೆ ಮೂಳೆ ವೈದ್ಯರನ್ನು ಕೇಳದೆ ಈ ಎತ್ತರಕ್ಕೆ ಹೋಗಬೇಡಿ.

13. ಒಂದೇ ಜೊತೆ ಕೊಳ್ಳುವಷ್ಟು ದುಡ್ಡಿದ್ದರೆ ಇದನ್ನು ಕೊಳ್ಳಿ.

ಹೊಳಪಿಲ್ಲದ ಕಪ್ಪು, ದುಂಡು ತುದಿ, ಪಾದಕ್ಕೂ ಕಣಕಾಲಿಗೂ ಪಟ್ಟಿ, ಮುಂದೆ 4, ಹಿಂದೆ 7, ಅಡಿಯಲ್ಲಿ ರಬ್ಬರ್ ತಳ. ಬೋ, ಬಾವಲಿ, ಸರಪಳಿ ಎಲ್ಲ ಕ್ಲಿಪ್ಪಿನಲ್ಲಿ ಸಿಕ್ಕಿಸಿ ತೆಗೆಯುವಂಥದ್ದಾಗಿರಲಿ. ಕ್ಲಿಪ್ ತೆಗೆದರೆ ಅದೇ ಶೂ ಕಾಲೇಜಿಗೂ ನಡೆಯುತ್ತದೆ, ಅಮ್ಮನ ಒಪ್ಪಿಗೆಯೂ ಬೇಗ ಸಿಗುತ್ತದೆ. ಈ ವಾರ ಪಾದದ ಅಳತೆ ತೆಗೆದಿಡಿ; ಫ್ರಾಕಿನ ಬಟ್ಟೆಗೆ ಅವಸರ ಬೇಡ.